ಗದ್ದದವರೆಗೆ ನೀರು

ಅಪ್ಪನ ಹಳೇ ರೇಡಿಯೋ ಇವತ್ತು ರಿಪೇರಿಯಾಗಿ ಬಂತು. ಸುಟ್ಟುಹೋಗಿದ್ದ ಕೆಪಾಸಿಟರನ್ನು (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಬಿಡಿಭಾಗ) ಅಂಗಡಿಯವರು ನನ್ನ ಅಂಗೈಗೆ ಹಾಕಿದರು. ತೊಗರಿಕಾಳಿನಷ್ಟು ದಪ್ಪದ ಹಳದಿ ಹನಿ, ಅದಕ್ಕೆ ಎರಡು ತಂತಿ ಕಾಲು. ಒಂದು ಬದಿ ಕಪ್ಪಾಗಿತ್ತು.

"ಟ್ಯಾಂಟಲಮ್ ಸರ್ ಇದು" ಅಂದರು.

ಸಂಜೆಯಿಂದ ಆ ಹೆಸರೇ ತಲೆಯಲ್ಲಿ ಸುತ್ತುತ್ತಿದೆ.

ಟ್ಯಾಂಟಲಮ್ ಒಂದು ಲೋಹ. 1802ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಎಕೆಬರ್ಗ್ ಅದನ್ನು ಕಂಡುಹಿಡಿದ. ಅವನ ಕೈಗೆ ಸಿಕ್ಕ ಕಲ್ಲುಗಳಲ್ಲಿ ಒಂದು ಫಿನ್ಲೆಂಡಿನ ಕಿಮಿಟೊದ್ದು. ಆ ಲೋಹದ ಆಕ್ಸೈಡನ್ನು (ಆಕ್ಸಿಜನ್ ಜೊತೆ ಸೇರಿದ ರೂಪ) ಆಸಿಡ್‌ನಲ್ಲಿ ಮುಳುಗಿಸಿಟ್ಟರೂ ಅದು ಒಂದಿಷ್ಟೂ ಹೀರಿಕೊಳ್ಳಲಿಲ್ಲ. ಅವನಿಗೆ ಗ್ರೀಕ್ ಕಥೆಯ ರಾಜ ಟ್ಯಾಂಟಲಸ್ ನೆನಪಾದ. ಗದ್ದದವರೆಗೆ ನೀರಲ್ಲಿ ನಿಂತಿದ್ದಾನೆ, ಕುಡಿಯಲು ಬಗ್ಗಿದರೆ ನೀರೇ ಇಳಿದುಹೋಗುತ್ತದೆ. ಒಂದು ಗುಟುಕೂ ಸಿಗಲ್ಲ. ಪಾಪ ಅಲ್ವಾ? ಹಾಗೆ ಲೋಹ ಟ್ಯಾಂಟಲಮ್ ಆಯಿತು, ಆ ಕಲ್ಲು ಟ್ಯಾಂಟಲೈಟ್ ಆಯಿತು.

ನನಗೆ ಜಾಸ್ತಿ ಹಿಡಿಸಿದ್ದು ಅದರ ನೆಂಟನ ಹೆಸರು. ಫಿನ್ಲೆಂಡಿನದೇ ತಮ್ಮೆಲಾ ಕಡೆ ಸಿಕ್ಕ ಕಪ್ಪು, ಭಾರದ ಖನಿಜ. ಅದರಲ್ಲೂ ಕಬ್ಬಿಣದ ಜೊತೆ ಇದೇ ಟ್ಯಾಂಟಲಮ್. 1863ರಲ್ಲಿ ಖನಿಜತಜ್ಞ ನೂರ್ಡೆನ್‌ಶೋಲ್ಡ್ ಅದಕ್ಕೆ ಟ್ಯಾಪಿಯೊಲೈಟ್ ಅಂತ ಹೆಸರಿಟ್ಟ. ಮುಂದೆ ಹಡಗಿನಲ್ಲಿ ಉತ್ತರದ ಹಿಮಸಮುದ್ರ ದಾಟಿದವನೂ ಅವನೇ. ಟ್ಯಾಪಿಯೊ ಅಂದರೆ ಫಿನ್ನರ ಕಾಡಿನ ದೇವರು. ಬೇಟೆಗೆ ಹೊರಟವರು ಅವನಿಗೆ ಕೈಮುಗಿದು ಹೋಗುತ್ತಿದ್ದರಂತೆ.

ಫಿನ್ಲೆಂಡಿನ ಬೇರೆ ಖನಿಜಗಳಿಗೂ ಹೀಗೇ ಹೆಸರು ಬಂದಿದೆ: ಪಾರ್ಗಸ್ ಊರಿನಿಂದ ಪಾರ್ಗಸೈಟ್, ಭೂವಿಜ್ಞಾನಿ ಪೆಂಟಿ ಎಸ್ಕೊಲಾ ಅವರಿಂದ ಎಸ್ಕೊಲೈಟ್. ಅವೂ ಚೆಂದವೇ. ಆದರೆ ಒಂದೇ ಲೋಹದ ಎರಡು ಕಲ್ಲು, ಒಂದಕ್ಕೆ ದೂರದೂರಿನ ಬಾಯಾರಿದ ರಾಜ, ಇನ್ನೊಂದಕ್ಕೆ ಮನೆ ಹಿಂದಿನ ಕಾಡಿನ ದೇವರು!

ರೇಡಿಯೋ ಹಾಡ್ತಾ ಇದೆ. ಸುಟ್ಟ ಹನಿಯನ್ನು ಎಸೆಯೋಕೆ ಮನಸ್ಸಾಗಲಿಲ್ಲ. ಸುಮ್ನೆ ಅಪ್ಪನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ.