ಸಿಂಧನೂರಿನ ಕೇಬಲ್‌ನವನೂ 17 ಗುರಿಗಳೂ

ಕಳೆದ ತಿಂಗಳು ಮಗಳು ಕಾಲೇಜಿನಿಂದ ಒಂದು ಅಸೈನ್‌ಮೆಂಟ್ ತಂದಳು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಸರ್ಕಾರದ ಮಾಧ್ಯಮ ನಿಯಂತ್ರಕರು ಏನು ಸಹಾಯ ಮಾಡುತ್ತಾರೆ, ಎರಡು ಪುಟ ಬರೆಯಬೇಕಂತೆ. "ಅಪ್ಪಾ, ನೀ ಇಷ್ಟು ವರ್ಷದಿಂದ ಕೇಬಲ್ ನಡಸಾಕತ್ತಿ, ನೀನ ಹೇಳು" ಅಂದಳು. ನಾನು ಆಗಷ್ಟೇ ಕಂಬದಿಂದ ಇಳಿದು ಬಂದಿದ್ದೆ. "ನಮ್ಮ ಧಂದೆಗೂ ವಿಶ್ವಸಂಸ್ಥೆಗೂ ಏನ್ ಸಂಬಂಧ ಐತಿಬೇ?" ಅಂದು ಊಟಕ್ಕೆ ಕೂತೆ.

ಊಟ ಮಾಡುತ್ತಾ ಅವಳ ಪುಸ್ತಕ ತಿರುವಿದೆ. 2015ರಲ್ಲಿ 193 ದೇಶಗಳು ಒಪ್ಪಿಕೊಂಡ 17 ಗುರಿಗಳು, ಗಡುವು 2030. ಬಡತನ, ಹಸಿವು, ಆರೋಗ್ಯ, ಶಿಕ್ಷಣ, ನೀರು ಎಲ್ಲ ಇವೆ. 16ನೇ ಗುರಿಯೊಳಗೆ ಜನರಿಗೆ ಮಾಹಿತಿ ಸಿಗಬೇಕು ಅಂತ ಒಂದು ಸಾಲು. ಅಲ್ಲಿ ನನ್ನ ಕಣ್ಣು ನಿಂತಿತು. ಮಾಹಿತಿ ಮನೆಯೊಳಗೆ ಬರೋದು ನಮ್ಮ ವೈರಿನಲ್ಲೇ ಅಲ್ವಾ?

ನಿಯಂತ್ರಕ ಅಂದರೆ ಒಬ್ಬರಲ್ಲ. ಚಾನೆಲ್‌ಗಳಿಗೆ ಅನುಮತಿ ಕೊಡೋದು ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ದರದ ಲೆಕ್ಕ ನೋಡೋದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ನನ್ನಂಥವನಿಗೆ ಮಾತ್ರ ಬಹಳ ವರ್ಷ ನಿಯಂತ್ರಕ ಅಂದರೆ ಹೆಡ್ ಪೋಸ್ಟ್ ಆಫೀಸು. ನಗಬೇಡಿ. 1995ರ ಕೇಬಲ್ ಕಾಯ್ದೆ ಬಂದ ಮೇಲೆ ನಾವು ನೋಂದಣಿ ಮಾಡಿಸುತ್ತಿದ್ದದ್ದು ಅಲ್ಲೇ. ಫಾರಂ ತುಂಬಿ, 500 ರೂಪಾಯಿ ಕಟ್ಟಿ, ವರ್ಷಕ್ಕೊಮ್ಮೆ ನವೀಕರಣ. ಕೌಂಟರಿನವರಿಗೆ ರಿಜಿಸ್ಟರ್ ಪೋಸ್ಟು, ಪಾರ್ಸಲ್ಲು, ಉಳಿತಾಯ ಪುಸ್ತಕಗಳ ನಡುವೆ ನಮ್ಮದೊಂದು ತಲೆನೋವು. 2025ರ ಜನವರಿಯಲ್ಲಿ ಅದೆಲ್ಲ ಆನ್‌ಲೈನ್ ಆಯಿತು. ಈಗ 5 ವರ್ಷಕ್ಕೆ 5000 ರೂಪಾಯಿ.

ಅದೇ ಕಾಯ್ದೆಯಲ್ಲಿ ಇನ್ನೊಂದು ನಿಯಮವಿದೆ. ದೂರದರ್ಶನದ ಚಾನೆಲ್‌ಗಳನ್ನು ಕೇಬಲ್‌ನವರು ಕೊಡಲೇಬೇಕು. ಹಳೆಯ ಕಾಲದಲ್ಲಿ ಅವಕ್ಕೆ ಪ್ರೈಮ್ ಬ್ಯಾಂಡ್‌ನಲ್ಲೇ, ಅಂದರೆ ಚಿತ್ರ ಚೆನ್ನಾಗಿ ಬರುವ ಮುಂದಿನ ಸಾಲಿನಲ್ಲೇ, ಜಾಗ ಬಿಡಬೇಕಿತ್ತು. ನಾನು ಈ ನಿಯಮಕ್ಕೆ ಬೈದದ್ದು ಕಡಿಮೆಯೇನಲ್ಲ. ನಮ್ಮ ತಾಲೂಕು ಹೆಂಗಿದೆ ನೋಡಿ. ಆಂಧ್ರದಿಂದ ಬಂದವರ ಕ್ಯಾಂಪ್‌ಗಳಲ್ಲಿ ತೆಲುಗು ಬೇಕು. ಆರ್‌.ಎಚ್‌. ಕ್ಯಾಂಪಿನ ಬಂಗಾಳಿಗಳಿಗೆ ಬಂಗಾಳಿ ಬೇಕು. ಹಳ್ಳಿಗಳಲ್ಲಿ ಕನ್ನಡ ಸಿನಿಮಾ ಬೇಕು. ಇದ್ದ ಸ್ವಲ್ಪ ಜಾಗದಲ್ಲಿ ಯಾರೂ ಕೇಳದ ದೂರದರ್ಶನದ ಚಂದನಕ್ಕೆ ಯಾಕೆ ಮುಂದಿನ ಸೀಟು ಅನ್ನೋದು ನನ್ನ ಸಿಟ್ಟು.

ಒಂದು ಸಂಜೆ ಚಂದನದ ಮಾಡ್ಯುಲೇಟರ್, ಅಂದರೆ ಚಾನೆಲ್ಲನ್ನು ನಮ್ಮ ವೈರಿಗೆ ಹತ್ತಿಸುವ ಪೆಟ್ಟಿಗೆ, ಸುಟ್ಟಿತು. ನಾಳೆ ನೋಡಿದರಾಯಿತು ಅಂತ ಬಿಟ್ಟೆ. ಅರ್ಧ ಗಂಟೆಗೆ ಒಬ್ಬ ಮುದುಕಪ್ಪ ಸೈಕಲ್ ಹಚ್ಚಿ ಒಳಗೆ ಬಂದ. ಕೈಯಲ್ಲಿ ಭತ್ತದ ಒಂದು ಬುಡ, ಬೇರಿನಲ್ಲಿ ಇನ್ನೂ ಹಸಿ ಮಣ್ಣು. "ಜಿಗಿಹುಳ ಬಿದ್ದೈತಿ ತಮ್ಮಾ, ಇವತ್ತು ಟೀವ್ಯಾಗ ಅದರದ ಹೇಳ್ತಾರಂತ. ನೀ ಯಾಕ ಬಂದ್ ಮಾಡಿದಿ?" ಅಂದ. ಬೇರೊಂದು ಚಾನೆಲ್‌ನ ಮಾಡ್ಯುಲೇಟರ್ ಕಿತ್ತು ಇದಕ್ಕೆ ಹಾಕಿದೆ. ಆ ಚಾನೆಲ್ ಹೋಯಿತು ಅಂತ ಆ ರಾತ್ರಿ ಬಂದ ಫೋನುಗಳ ಲೆಕ್ಕ ಬೇಡ. ಮುದುಕಪ್ಪ ಮಾತ್ರ ನನ್ನ ಅಂಗಡಿಯಲ್ಲೇ ಕೂತು ಪೂರ್ತಿ ನೋಡಿ, ಔಷಧಿ ಹೆಸರನ್ನು ನನ್ನಿಂದಲೇ ಚೀಟಿಯಲ್ಲಿ ಬರೆಸಿಕೊಂಡು ಹೋದ.

ದರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ಪದ್ಧತಿ ಬಂತು. 100 ಚಾನೆಲ್‌ಗೆ ತಿಂಗಳಿಗೆ 130 ರೂಪಾಯಿ, ಮೇಲೆ ಜಿಎಸ್‌ಟಿ, ಒಟ್ಟು 153 ಚಿಲ್ಲರೆ. ದೂರದರ್ಶನದವು ಆಗ ಅದರೊಳಗೇ ಇರಬೇಕಿತ್ತು. ನಾಟಿಗೆ ಹೋಗುವ ಹೆಣ್ಣುಮಕ್ಕಳ ಮನೆಗಳಲ್ಲಿ ಬಹಳ ಮಂದಿ ಅಷ್ಟಕ್ಕೇ ನಿಂತರು. ಇದು ಬಡತನದ ಗುರಿಗೆ ಸೇರುತ್ತೋ ಅಸಮಾನತೆಯದಕ್ಕೋ, ಮಗಳೇ ನೋಡಿಕೊಳ್ಳಲಿ.

ಅವಳಿಗೆ ಜಾಸ್ತಿ ಖುಷಿ ಕೊಟ್ಟದ್ದು 2022ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿ. ಚಾನೆಲ್‌ಗಳು ದಿನಕ್ಕೆ 30 ನಿಮಿಷ ಜನರಿಗೆ ಉಪಯೋಗವಾಗುವ ಕಾರ್ಯಕ್ರಮ ಹಾಕಬೇಕು. ಕ್ರೀಡೆಯ ನೇರ ಪ್ರಸಾರಕ್ಕೆ, ವಿದೇಶಿ ಚಾನೆಲ್‌ಗಳಿಗೆ ವಿನಾಯಿತಿ. ಎಂಟು ವಿಷಯ ಕೊಟ್ಟಿದ್ದಾರೆ: ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನ, ಮಹಿಳೆಯರು, ದುರ್ಬಲ ವರ್ಗದವರು, ಪರಿಸರ ಮತ್ತು ಪರಂಪರೆ, ರಾಷ್ಟ್ರೀಯ ಏಕತೆ. ಮಗಳು ಇದನ್ನು 17ರ ಪಟ್ಟಿಯ ಪಕ್ಕ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋದಳು. ಒಂದೆರಡು ಬಿಟ್ಟರೆ ಎಲ್ಲ ಜೋಡಿಯಾದವು. "ನನ್ನ ಅಸೈನ್‌ಮೆಂಟ್ ಮುಗೀತು" ಅಂದಳು.

"ಮೊದಲು ಟೀವಿ ನೋಡೋಣ ತಡಿ" ಅಂದೆ.

ಒಂದು ಭಾನುವಾರ ಇಬ್ಬರೂ ನೋಟ್‌ಬುಕ್ ಹಿಡಿದು ಕೂತೆವು. ಒಂದೇ ಚಾನೆಲ್, ಹೆಸರು ಬೇಡ. ನಿಯಮದ ಪ್ರಕಾರ ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗಿನ ಹೊತ್ತು ಲೆಕ್ಕಕ್ಕಿಲ್ಲ. ಜಾಹೀರಾತು ಕಳೆಯಬೇಕು. ತುಂಡು ತುಂಡಾಗಿ ಹಾಕಬಹುದು. ಬೆಳಿಗ್ಗೆ 6 ದಾಟಿದ್ದೇ ತಡ, ಮಂಡಿನೋವಿನ ಡಾಕ್ಟರ್ ಬಂದರು. ಒಳ್ಳೆಯದನ್ನೇ ಹೇಳಿದರು. ಜಾಹೀರಾತು ಕಳೆದು 19 ನಿಮಿಷ. ಮಧ್ಯಾಹ್ನ ಒಂದು ಹಳೇ ದೇವಸ್ಥಾನದ ಕತೆ, 8 ನಿಮಿಷ. "ಇದು ಪರಂಪರೆಯೋ ಭಕ್ತಿಯೋ?" ಅಂತ ನಮ್ಮಿಬ್ಬರ ನಡುವೆ ವಾದ ಆಯಿತು. ಸಂಜೆ 6ರಿಂದ ರಾತ್ರಿ 10ರವರೆಗೆ, ಅಂದರೆ ಊರೆಲ್ಲ ಟೀವಿ ಮುಂದೆ ಇರುವ ಹೊತ್ತಿನಲ್ಲಿ, ನಮ್ಮ ನೋಟ್‌ಬುಕ್ ಖಾಲಿ.

ನಮ್ಮವ್ವನಿಗೆ ಮಂಡಿನೋವು ಹತ್ತು ವರ್ಷದ್ದು. ಬೆಳಿಗ್ಗೆ ಡಾಕ್ಟರ್ ಬರ್ತಾರೆ ನೋಡು ಅಂದೆ. "ಆ ಹೊತ್ನ್ಯಾಗ ನಾ ನಳದ ಮುಂದ ಇರ್ತೀನಿ" ಅಂದಳು.

ತಿಂಗಳಿಗೊಮ್ಮೆ ಚಾನೆಲ್‌ನವರು ಇಂತಿಷ್ಟು ಹಾಕಿದೆವು ಅಂತ ತಾವೇ ಸಚಿವಾಲಯದ ಪೋರ್ಟಲ್‌ನಲ್ಲಿ ತುಂಬಬೇಕು. ಪರೀಕ್ಷೆ ಬರೆದ ಹುಡುಗನೇ ಪೇಪರ್ ತಿದ್ದಿದ ಹಾಗೆ. ನಿಮಿಷ ಎಣಿಸುವ ನಿಯಮಕ್ಕಿಂತ, ದೂರದರ್ಶನ ಕೊಡಲೇಬೇಕು ಅಂತ ನನ್ನ ಕುತ್ತಿಗೆ ಮೇಲೆ ಕೂತ ನಿಯಮವೇ ಹೆಚ್ಚು ಕೆಲಸ ಮಾಡಿತು ಅಂತ ನನಗನಿಸುತ್ತದೆ. ಮಗಳು ಇದನ್ನು ಬರೆದುಕೊಳ್ಳಲಿಲ್ಲ. ಮಾರ್ಕ್ಸ್ ಹೋಗುತ್ತೆ ಅಂತ ಭಯ.

ನನ್ನ ಕುತ್ತಿಗೆ ಮೇಲಿನ ಇನ್ನೊಂದು ನಿಯಮದ ನೆನಪು 2024ರ ಆಗಸ್ಟ್ 10ರ ರಾತ್ರಿಯದು. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು. ನಮ್ಮ ಎಡದಂಡೆ ನಾಲೆಯ ಜೀವ ಇರೋದೇ ಆ ನೀರಿನಲ್ಲಿ. ಬೆಳಗಾಗುವುದರೊಳಗೆ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಡ್ಯಾಮೇ ಒಡೆದು ನೀರು ನುಗ್ಗುತ್ತಿದೆ. "ಅಣ್ಣಾ, ನಿಮ್ಮ ಲೋಕಲ್ ಚಾನೆಲ್‌ನ್ಯಾಗ ಹಾಕ್ರಿ, ಧಡೇಸೂಗೂರು ಕಡೆ ಮಂದಿ ಓಡಲಿ" ಅಂದರು. ಕೈ ಬಟನ್ ಮೇಲಿತ್ತು. ಆದರೆ ಆ ವಿಡಿಯೋದ ಹಿಂದಿದ್ದ ಗುಡ್ಡ ನಮ್ಮ ಕಡೆಯದಲ್ಲ. ಕೇಬಲ್ ನಿಯಮಗಳ 6ನೆಯದರಲ್ಲಿ ಸುಳ್ಳು, ಅರೆಸತ್ಯ ಹಾಕಬಾರದು ಅಂತಿದೆ. ಸುಳ್ಳು ಸರಿ, ಅರೆಸತ್ಯ ಅನ್ನೋ ಪದ ನೋಡಿ ಹಿಂದೊಮ್ಮೆ ನಕ್ಕಿದ್ದೆ. ಆ ಬೆಳಿಗ್ಗೆ ನಗು ಬರಲಿಲ್ಲ. ಗೇಟು ಹೋದದ್ದು ನಿಜ, ಡ್ಯಾಮ್ ಒಡೆದದ್ದು ಸುಳ್ಳು. ವಿಡಿಯೋ ಬಿಟ್ಟು, ನದಿ ದಂಡೆಯವರು ಎಚ್ಚರವಾಗಿರಿ ಅನ್ನೋ ಜಿಲ್ಲಾಡಳಿತದ ಪ್ರಕಟಣೆಯನ್ನಷ್ಟೇ ಸ್ಕ್ರೋಲ್‌ನಲ್ಲಿ ಓಡಿಸಿದೆ. ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ತುಂಡುಗಳನ್ನು, ಕೂಡಿಸಿ ನೀರು ನಿಲ್ಲಿಸುವ ಹೊತ್ತಿಗೆ 17ನೇ ತಾರೀಖು. ಆ ವಾರವಿಡೀ ನಮ್ಮ ಲೋಕಲ್ ಹಾಡಿನ ಚಾನೆಲ್‌ನಲ್ಲಿ ಜನ ಹಾಡು ನೋಡಲಿಲ್ಲ, ಕೆಳಗಿನ ಸಾಲು ಓದಿದರು.

ಅಸೈನ್‌ಮೆಂಟ್ ಕೊಟ್ಟಾಗಿದೆ. ಅದರಲ್ಲಿ ಸೇರದ ಒಂದು ವಿಷಯ ಉಳಿದಿದೆ.

ನಮ್ಮ ಗಿರಾಕಿ ಒಬ್ಬ ಟೇಲರ್ ಇದ್ದಾನೆ. ಕಿವಿ ಕೇಳಲ್ಲ, ಮಾತು ಬರಲ್ಲ. ಸುದ್ದಿ ಚಾನೆಲ್‌ಗಳು ದಿನಕ್ಕೊಂದು ಬುಲೆಟಿನ್ ಆದರೂ ಸನ್ನೆ ಭಾಷೆಯಲ್ಲಿ ಕೊಡಬೇಕು ಅಂತ ಸಚಿವಾಲಯ 2019ರಲ್ಲಿ ಹೇಳಿತು. ಮೂಲೆಯ ಚಿಕ್ಕ ಚೌಕದಲ್ಲಿ ಒಬ್ಬರು ಕೈ ಆಡಿಸುತ್ತಿರುತ್ತಾರಲ್ಲ, ಅದು. ಆ ಹೊತ್ತಿಗೆ ಅವನ ಮಷಿನ್ ನಿಲ್ಲುತ್ತದೆ. ಮೊನ್ನೆ ಕೇಬಲ್ ಬಾಡಿಗೆ ವಸೂಲಿಗೆ ಹೋದಾಗ ನನ್ನ ರಟ್ಟೆ ಹಿಡಿದು ಕಟಿಂಗ್ ಟೇಬಲ್ ಹತ್ತಿರ ಎಳೆದ. ಸೀಮೆಸುಣ್ಣದ ಚಕ್ಕೆ ತೆಗೆದು ಬಟ್ಟೆ ಮೇಲೆ ಒಂದು ಟೀವಿ ಬರೆದ. ಬಲಗಡೆ ಕೆಳಗೆ ಚಿಕ್ಕ ಚೌಕ. ಚೌಕದೊಳಗೆ ಎರಡು ಕೈ. ಆಮೇಲೆ ಆ ಕೈಗಳ ಮೇಲೆ ಉದ್ದಕ್ಕೆ ಒಂದು ದಪ್ಪ ಗೆರೆ ಎಳೆದು ನನ್ನ ಎದೆಗೆ ಬೆರಳು ತೋರಿಸಿದ.

ಟೀವಿ ಹಚ್ಚಿದ ಮೇಲೆ ತಿಳಿಯಿತು. "ನಿಮ್ಮ ಪ್ಯಾಕ್ ಮುಗಿಯಲಿದೆ, ಕೂಡಲೇ ಹಣ ಪಾವತಿಸಿ" ಅಂತ ನಾವು ಬಾಕ್ಸಿಗೆ ಕಳಿಸುವ ಮೆಸೇಜು. ಪರದೆಯ ಕೆಳಗೆ, ಸರಿಯಾಗಿ ಆ ಚೌಕದ ಮೇಲೆ.

ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಮೆಸೇಜನ್ನು ಮೇಲ್ಗಡೆ ಹಾಕಿ ಅಂದೆ. "ಎಲ್ಲಾ ಬಾಕ್ಸಿಗೂ ಕೆಳಗ ಸೆಟ್ ಆಗೈತ್ರಿ ಅಣ್ಣಾ, ಒಬ್ಬರಿಗೆ ಬದಲಿ ಮಾಡಾಕ ಬರಂಗಿಲ್ಲ" ಅಂದ ಹುಡುಗ. ಎರಡು ಸಲ ಮಾಡಿದ್ದೇನೆ, ಇನ್ನೂ ಮಾಡಬೇಕು. ಸದ್ಯಕ್ಕೆ ಟೇಲರ್‌ನ ಪ್ಯಾಕು ಮುಗಿಯುವ ಹತ್ತು ದಿನ ಮೊದಲೇ ನಾನೇ ರೀಚಾರ್ಜ್ ಮಾಡುತ್ತಿದ್ದೇನೆ. ಅವನು ಆಮೇಲೆ ಕೊಡುತ್ತಾನೆ.