ಮಳೆಗಾಲದ ತರಕಾರಿ ಸಸಿ ಉದ್ದುದ್ದ ಬೆಳೆದು ಬೀಳದ ಹಾಗೆ

ಮಲೆನಾಡಿನಲ್ಲಿ ಹಿತ್ತಲು ಮಾಡುವವರಿಗೆ ಮೇ ತಿಂಗಳು ಬಂತೆಂದರೆ ಒಂದೇ ಅವಸರ. ಮಳೆ ಹಿಡಿಯುವ ಮೊದಲು ಬದನೆ, ಮೆಣಸು, ಟೊಮೆಟೊ ಸಸಿ ಎದ್ದು ನಿಂತಿರಬೇಕು. ಮೃಗಶಿರ ಮಳೆ ಶುರುವಾಗೋದು ಜೂನ್ 8ರ ಸುಮಾರಿಗೆ, ಅದರ ಬೆನ್ನಿಗೇ ಆರಿದ್ರಾ. ಆಮೇಲೆ ಬೀಜ ಹಾಕಿದರೆ ಮೊಳಕೆ ಬರುತ್ತದೆ, ಆದರೆ ಬಿಸಿಲಿಲ್ಲದೆ ಸಸಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಮುಂಚೆಯೇ ಬೀಜ ಹಾಕುವ ಲೆಕ್ಕ ಸರಿಯಾಗಿಯೇ ಇದೆ. ಆದರೂ ಮೇ ಕೊನೆಯಲ್ಲಿ ಎಷ್ಟೋ ಮನೆಗಳ ಜಗಲಿ ಕಟ್ಟೆಯ ಮೇಲೆ ಅದೇ ನೋಟ. ಟ್ರೇ ತುಂಬ ದಾರದಷ್ಟು ಸಪೂರ ಸಸಿಗಳು, ಎಲ್ಲವೂ ಅಂಗಳದ ಕಡೆ ಬಾಗಿರುತ್ತವೆ, ನೀರು ಹಾಕಿದ ಕೂಡಲೇ ಮಲಗಿಬಿಡುತ್ತವೆ. "ಎಷ್ಟು ಬೇಗ ಉದ್ದ ಆಯ್ತು ನೋಡಿ" ಅಂತ ಖುಷಿಯಿಂದ ತೋರಿಸುತ್ತಾರೆ. ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಬೀಜ ಎಷ್ಟೇ ಒಳ್ಳೆಯದಿರಲಿ, ಅಂಥ ಸಸಿ ಮೊದಲ ಜಡಿಮಳೆಗೇ ಹೋಗುತ್ತದೆ.

ಅಂಥ ಒಂದು ಟೊಮೆಟೊ ಸಸಿಯನ್ನು ಹತ್ತಿರದಿಂದ ನೋಡಿ. ಮಣ್ಣಿನಿಂದ ಬೀಜದೆಲೆಯವರೆಗೆ, ಅಂದರೆ ಮೊಳಕೆಯಲ್ಲಿ ಮೊದಲು ಬಿಚ್ಚುವ ಎರಡು ಎಲೆಗಳವರೆಗೆ, ಬೆರಳುದ್ದ ಬರೀ ಕಾಂಡ. ಬಣ್ಣ ತಿಳಿ ಹಸಿರು, ಬುಡದಲ್ಲಿ ಹೆಚ್ಚುಕಡಿಮೆ ಬಿಳಿ. ಬೆಳಕಿಗೆ ಹಿಡಿದರೆ ಕಾಂಡದ ಒಳಗೆ ನೀರೇ ಇದೆಯೇನೋ ಅನ್ನಿಸುತ್ತದೆ. ಬಿಸಿಲಿನಲ್ಲಿ ಎದ್ದ ಸಸಿಯ ಕಾಂಡ ಇದರ ಅರ್ಧದಷ್ಟೂ ಉದ್ದ ಇರುವುದಿಲ್ಲ. ಬುಡದ ಹತ್ತಿರ ಒಂಚೂರು ನೇರಳೆ ಛಾಯೆ ಇರುತ್ತದೆ, ಮೈಮೇಲೆ ಸಣ್ಣ ಸಣ್ಣ ರೋಮ ಎದ್ದು ಕಾಣುತ್ತದೆ, ಬೀಜದೆಲೆ ಎರಡೂ ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಬೆರಳಿನಿಂದ ಬಗ್ಗಿಸಿ ಬಿಟ್ಟರೆ ತಿರುಗಿ ನೆಟ್ಟಗಾಗುತ್ತದೆ. ಒಂದೇ ಪೊಟ್ಟಣದ ಬೀಜ, ಒಂದೇ ದಿನ ಹಾಕಿದ್ದು. ಒಂದು ಜಗಲಿಯಲ್ಲಿತ್ತು, ಇನ್ನೊಂದು ಅಂಗಳದಲ್ಲಿತ್ತು. ವ್ಯತ್ಯಾಸ ಅಷ್ಟೇ.

ಇಂಥ ಸಸಿ ಕಂಡ ಕೂಡಲೇ ಎಲ್ಲರಿಗೂ ನೆನಪಾಗೋದು ಗೊಬ್ಬರ. ಸಗಣಿ ನೀರು, ಯೂರಿಯಾ ನೀರು, ಜೀವಾಮೃತ, ಏನಾದರೂ ಒಂದು ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ಅದು ಹಸಿವಿನಿಂದ ಸಪೂರ ಆದದ್ದಲ್ಲ, ಬೆಳಕು ಹುಡುಕಿಕೊಂಡು ಮೇಲೆ ಹೋದದ್ದು. ಬೆಳಕು ಕಡಿಮೆ ಇದ್ದು ಸೆಖೆ, ನೀರು, ಸಾರಜನಕ ಮೂರೂ ಧಾರಾಳ ಸಿಕ್ಕಿದರೆ ಸಸಿ ಇನ್ನಷ್ಟು ಉದ್ದ ಹೋಗುತ್ತದೆ, ಇನ್ನಷ್ಟು ಮೆತ್ತಗಾಗುತ್ತದೆ. ಮೇ ತಿಂಗಳ ನಮ್ಮ ಜಗಲಿಯಲ್ಲಿ ಸೆಖೆಗೆ ಬರ ಇಲ್ಲ, ನೀರಂತೂ ದಿನಾ ಎರಡು ಹೊತ್ತು ಹಾಕುತ್ತೇವೆ. ಕಡಿಮೆ ಬಿದ್ದಿರೋದು ಬೆಳಕು ಮಾತ್ರ.

ಇನ್ನು ಈ ಉದ್ದ ಬರುವುದು ನಾವು ಅಂದುಕೊಂಡಿದ್ದಕ್ಕಿಂತ ಬಹಳ ಬೇಗ, ಮೊಳಕೆ ಮಣ್ಣು ಸೀಳಿ ಬಂದ ಮೊದಲ ಎರಡು ಮೂರು ದಿನದಲ್ಲೇ. ನೆಲದ ಮಡಿಯಲ್ಲಿ ಬೀಜ ಹಾಕುವವರು ಮೇಲೆ ಒಣಹುಲ್ಲು ಇಲ್ಲವೇ ಸೋಗೆ ಮುಚ್ಚುತ್ತಾರೆ. ಮಣ್ಣು ಒಣಗಬಾರದು, ಇರುವೆ ಬೀಜ ಹೊರಬಾರದು, ಕೋಳಿ ಕೆದಕಬಾರದು, ಹಾಗಾಗಿ ಮುಚ್ಚಲೇಬೇಕು. ಆದರೆ ನಾಲ್ಕನೇ ದಿನದಿಂದ ದಿನಾ ಬೆಳಗ್ಗೆ ಹುಲ್ಲು ಸರಿಸಿ ನೋಡುತ್ತಿರಬೇಕು. ಅಲ್ಲೊಂದು ಇಲ್ಲೊಂದು ಬಿಳಿ ಕೊಕ್ಕೆ ಮಣ್ಣಿನಿಂದ ಬೆನ್ನು ಎತ್ತಿದ್ದು ಕಂಡರೆ ಅವತ್ತು ಸಂಜೆಯೇ ಹೊದಿಕೆ ತೆಗೆಯಬೇಕು. ಎಲ್ಲ ಬೀಜ ಹುಟ್ಟಲಿ, ನಾಡಿದ್ದು ತೆಗೆದರಾಯಿತು ಅಂತ ಬಿಟ್ಟರೆ ಮೊದಲು ಹುಟ್ಟಿದವು ಹುಲ್ಲಿನ ಸಂದಿಯಲ್ಲಿ ನುಸುಳಿಕೊಂಡು ಉದ್ದ ಆಗಿರುತ್ತವೆ, ಹುಲ್ಲು ಎಳೆಯುವಾಗ ಅರ್ಧ ಕಿತ್ತೇ ಬರುತ್ತವೆ. ಹಾಗೆ ಒಂದು ಸಲ ಉದ್ದ ಹೋದ ಕಾಂಡ ತಿರುಗಿ ಗಿಡ್ಡ ಆಗುವುದಿಲ್ಲ. ಆಮೇಲೆ ಎಷ್ಟೇ ಬಿಸಿಲು ಕೊಟ್ಟರೂ ಮೇಲಿನ ಬೆಳವಣಿಗೆ ಗಟ್ಟಿಯಾಗಬಹುದು, ಬುಡ ಹಾಗೇ ಉಳಿಯುತ್ತದೆ.

ನರ್ಸರಿಯವರು ಸಣ್ಣ ಸಣ್ಣ ಗುಣಿಗಳಿರುವ ಪ್ರೋಟ್ರೇಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ತುಂಬಿ, ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸುತ್ತಾರೆ. ಮೊಳಕೆ ಕಾಣುತ್ತಿದ್ದ ಹಾಗೆ ಪೇರಿಕೆ ಬಿಚ್ಚಿ ಒಂದೊಂದೇ ಟ್ರೇ ಹರಡುತ್ತಾರೆ. ಅಲ್ಲಿ ಒಂದು ದಿನ ತಡವಾದರೂ ಇಡೀ ಪೇರಿಕೆ ಹಾಳು, ಅದಕ್ಕೇ ಅವರು ಅಷ್ಟು ಹುಷಾರು. ನಾವು ಮನೆಯಲ್ಲಿ ಒಂದೇ ಟ್ರೇಯಲ್ಲಿ ಒಂದು ಸಾಲು ಟೊಮೆಟೊ, ಒಂದು ಸಾಲು ಬದನೆ, ಒಂದು ಸಾಲು ಮೆಣಸು ಹಾಕುತ್ತೇವಲ್ಲ, ಅಲ್ಲೇ ಸಿಕ್ಕಿಬೀಳುವುದು. ಮೇ ತಿಂಗಳ ಸೆಖೆಗೆ ಟೊಮೆಟೊ ಐದಾರು ದಿನಕ್ಕೆ ಹುಟ್ಟಿಬಿಡುತ್ತದೆ, ಮೆಣಸು ಎಂಟು ಹತ್ತು ದಿನ ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಮೆಣಸಿಗಾಗಿ ಹೊದಿಕೆ ಇಟ್ಟರೆ ಟೊಮೆಟೊ ಕೆಡುತ್ತದೆ, ಟೊಮೆಟೊಗಾಗಿ ತೆಗೆದರೆ ಮೆಣಸು ಒಣಗುತ್ತದೆ. ಒಂದೊಂದು ಜಾತಿಗೆ ಒಂದೊಂದು ಟ್ರೇ ಅಥವಾ ಬೇರೆ ಬೇರೆ ಡಬ್ಬಿ ಮಾಡಿಕೊಂಡರೆ ಈ ತಾಪತ್ರಯವೇ ಇಲ್ಲ.

ಬೀಜ ಹಾಕುವ ದಿನವೂ ಮೂರಕ್ಕೂ ಒಂದೇ ಆಗಬಾರದು. ನಾಟಿಗೆ ಬರಲು ಮೆಣಸಿಗೆ 35ರಿಂದ 40 ದಿನ ಬೇಕು, ಬದನೆಗೆ 30ರಿಂದ 35, ಟೊಮೆಟೊಗೆ 25 ದಿನ ಧಾರಾಳ. ಜೂನ್ ಎರಡನೇ ವಾರ ನಾಟಿ ಅಂತಾದರೆ ಮೆಣಸು ಮೇ ಮೊದಲ ವಾರಕ್ಕೆ ಮಣ್ಣಿಗೆ ಬೀಳಬೇಕು, ಬದನೆ ಅದರ ಹಿಂದೆಯೇ, ಟೊಮೆಟೊ ತಿಂಗಳ ನಡುವೆ. ಮೂರನ್ನೂ ಒಟ್ಟಿಗೆ ಮೇ ಒಂದಕ್ಕೆ ಹಾಕಿದರೆ ಟೊಮೆಟೊ ಸಸಿ ಟ್ರೇಯ ಸಣ್ಣ ಗುಣಿಯಲ್ಲಿ ಬೇರು ಸುತ್ತಿಕೊಂಡು, ಎಲೆಗೆ ಎಲೆ ತಾಗಿ, ಮೇಲಕ್ಕೆ ಹೋಗದೆ ಬೇರೆ ದಾರಿಯೇ ಇರುವುದಿಲ್ಲ. ಮುಂಚೆ ಹಾಕಿದಷ್ಟೂ ಒಳ್ಳೆಯದು ಅನ್ನೋದು ಮೆಣಸಿಗೆ ಸರಿ, ಟೊಮೆಟೊಗೆ ತಪ್ಪು. ಅಂದ ಹಾಗೆ ನಮ್ಮ ಕಡೆಯ ಜಡಿಮಳೆಗೆ ಬಯಲಲ್ಲಿ ಟೊಮೆಟೊ ನಿಲ್ಲೋದೇ ಕಷ್ಟ. ಮೇಲೆ ಮರೆ ಮಾಡುವ ಜಾಗ ಇದ್ದಷ್ಟೇ ಗಿಡ ನೆಡಿ, ಉಳಿದ ಜಾಗ ಬದನೆಗೆ ಬಿಡಿ.

ಸರಿ, ಟ್ರೇ ಎಲ್ಲಿಡಬೇಕು? ವಿದೇಶದ ವಿಡಿಯೋಗಳಲ್ಲಿ ದಕ್ಷಿಣದ ಕಿಟಕಿಗೆ ಇಡಿ ಅನ್ನುತ್ತಾರೆ. ಅದು ಅವರ ಊರಿಗೆ ಸರಿ. ಸಾಗರ, ತೀರ್ಥಹಳ್ಳಿ ಕಡೆಯವರು ನಾವು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದ್ದೇವೆ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನ ಅವನು ನಮ್ಮಿಂದ ಉತ್ತರದ ಕಡೆಗೇ ಇರುತ್ತಾನೆ. ಅಂದರೆ ಮೇ, ಜೂನ್‌ನಲ್ಲಿ ದಕ್ಷಿಣಕ್ಕೆ ತೆರೆದ ಜಗಲಿಗೆ, ಅದೂ ಮಾಡು ಇಳಿಬಿಟ್ಟಿದ್ದರೆ, ನೇರ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರಿನಲ್ಲಿ ಅದೇ ಜಗಲಿಗೆ ಮಧ್ಯಾಹ್ನವೆಲ್ಲ ಬಿಸಿಲು ಬರುತ್ತಿತ್ತಲ್ಲ ಅಂತ ನೆನಪಿಟ್ಟುಕೊಂಡು ಮೇ ತಿಂಗಳಲ್ಲೂ ಅಲ್ಲೇ ಟ್ರೇ ಇಡುವವರು ತುಂಬ ಜನ. ಈಗ ಬೇಕಾದದ್ದು ಪೂರ್ವ ಅಥವಾ ಈಶಾನ್ಯಕ್ಕೆ ತೆರೆದ ಜಾಗ. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಬಿಸಿಲು ಬಿದ್ದರೆ ಎಳೆ ಸಸಿಗೆ ಅದೇ ದೊಡ್ಡದು. ಬೆಂಗಳೂರಿನ ಬಾಲ್ಕನಿಗೂ ಇದೇ ಲೆಕ್ಕ ಬರುತ್ತದೆ, ಅದು 13 ಡಿಗ್ರಿಯಲ್ಲಿದೆ ಅಷ್ಟೇ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿಲು ಜೋರು ಅಂತ ಅಡಕೆ ತೋಟದ ಅಂಚಿನಲ್ಲೋ ಮಾವಿನ ಮರದ ಕೆಳಗೋ ಟ್ರೇ ಇಡುತ್ತಾರೆ. ಗೋಡೆಯ ನೆರಳಿಗಿಂತ ಎಲೆಯ ನೆರಳು ಸಸಿಯನ್ನು ಜಾಸ್ತಿ ಉದ್ದ ಮಾಡುತ್ತದೆ. ಹಸಿರೆಲೆ ತನಗೆ ಬೇಕಾದ ಕೆಂಪು ಬೆಳಕನ್ನು ಹೀರಿಕೊಂಡು, ಅದಕ್ಕೂ ಆಚೆಗಿನ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರದ ಕೆಂಪು ಬೆಳಕನ್ನು ಕೆಳಗೆ ಬಿಡುತ್ತದೆ. ಗಿಡದೊಳಗೆ ಫೈಟೋಕ್ರೋಮ್ ಅನ್ನುವ ವಸ್ತು ಇದೆ, ಈ ಎರಡು ಬೆಳಕಿನ ಪಾಲು ಎಷ್ಟೆಷ್ಟು ಅಂತ ಅದಕ್ಕೆ ಗೊತ್ತಾಗುತ್ತದೆ. ದೂರದ ಕೆಂಪು ಜಾಸ್ತಿಯಾದರೆ ಸಸಿಗೆ ತಲೆ ಮೇಲೆ ಬೇರೆ ಗಿಡ ಇದೆ ಅಂತ ಅರ್ಥ, ಅದನ್ನು ದಾಟಿ ಹೋಗಬೇಕು ಅಂತ ಕಾಂಡ ಚಾಚುತ್ತದೆ. ಅಡಕೆ ಮರ ದಾಟುವುದು ಅದಕ್ಕೆಲ್ಲಿ ಸಾಧ್ಯ. ಬಿಸಿಲು ಹೆಚ್ಚಾಯಿತು ಅನ್ನಿಸಿದರೆ ನಡು ಮಧ್ಯಾಹ್ನ ಒಂದೆರಡು ಗಂಟೆ ಶೇಡ್‌ನೆಟ್ (ನೆರಳಿನ ಬಲೆ) ಎಳೆಯಿರಿ, ಮರದ ಕೆಳಗೆ ಮಾತ್ರ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನರ್ಸರಿಗಳು ಶೇಡ್‌ನೆಟ್ ಕೆಳಗೇ ಸಸಿ ಎಬ್ಬಿಸುತ್ತವೆ, ಅಲ್ಲಿನ ಬಿಸಿಲಿಗೆ ಅದು ಬೇಕು. ನಮ್ಮಲ್ಲಿ ಮೇ ಮೂರನೇ ವಾರಕ್ಕೆ ಮೋಡ ಕಟ್ಟಲು ಶುರುವಾದ ಮೇಲೆ ಅದೇ ನೆಟ್ ಇಟ್ಟರೆ ಇರುವ ಬೆಳಕೂ ಹೋಯಿತು.

ಸಸಿಗೆ ಸಸಿಯೇ ನೆರಳಾಗುವುದೂ ಇದೇ ಕಾರಣಕ್ಕೆ. ಬೀಜ ಮುಷ್ಟಿಯಲ್ಲಿ ಹಿಡಿದು ಎರಚಬೇಡಿ. ನಾಲ್ಕು ಬೆರಳು ಅಂತರಕ್ಕೆ ಗೆರೆ ಎಳೆದು, ಗೆರೆಯಲ್ಲಿ ತೆಳ್ಳಗೆ ಉದುರಿಸಿ. ಟ್ರೇಯಲ್ಲಾದರೆ ಗುಣಿಗೊಂದೇ ಸಸಿ, ಎರಡು ಹುಟ್ಟಿದ್ದರೆ ಒಂದನ್ನು ಕತ್ತರಿಯಿಂದ ಕತ್ತರಿಸಿಬಿಡಿ. ಕೀಳಬೇಡಿ, ಪಕ್ಕದ ಸಸಿಯ ಬೇರು ಅಲುಗುತ್ತದೆ. ಹುಟ್ಟಿದ ಸಸಿ ಕತ್ತರಿಸಲು ಮನಸ್ಸು ಬರಲ್ಲ ಅನ್ನುವವರಿದ್ದಾರೆ. ಅದು ನನಗೂ ಅರ್ಥ ಆಗುತ್ತದೆ, ಆದರೂ ಎರಡನ್ನೂ ಉಳಿಸಿಕೊಂಡರೆ ಎರಡೂ ಸಣಕಲು.

ಅಂಗಳದಲ್ಲಿಟ್ಟರೆ ಸಂಜೆಯ ಗುಡುಗು ಮಳೆ ಏನು ಮಾಡೋದು ಅಂತ ಕೇಳಬಹುದು. ಜನ ಟ್ರೇಯನ್ನು ಜಗಲಿಗೆ ತರುವುದೇ ಆ ಭಯಕ್ಕೆ, ಭಯ ಸುಳ್ಳಲ್ಲ. ದಪ್ಪ ಹನಿ ಬಿದ್ದರೆ ಎಳೆ ಸಸಿ ಮಣ್ಣಲ್ಲಿ ಹೂತುಹೋಗುತ್ತದೆ. ಆದರೆ ಆ ಮಳೆ ಬರೋದು ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ. ಬೆಳಗ್ಗೆ ಹೊರಗಿಟ್ಟು ಮೂರಕ್ಕೆ ಒಳಗೆ ತಂದರೆ ಆಯಿತು. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಅಂದರೆ ಬಿದಿರಿನ ದಬ್ಬೆ ಬಗ್ಗಿಸಿ ಕಮಾನು ಮಾಡಿ, ಮೇಲೆ ಬೆಳಕು ಬಿಡುವ ತೆಳು ಪ್ಲಾಸ್ಟಿಕ್ ಕಟ್ಟಿ. ನೀಲಿ ಟಾರ್ಪಾಲು ಬೇಡ. ನಾಲ್ಕೂ ಕಡೆ ಒಂದು ಮೊಳ ತೆರೆದಿರಲಿ, ಗಾಳಿ ಆಡಬೇಕು. ಮುಚ್ಚಿಟ್ಟರೆ ಒಳಗೆ ಬೇಯುತ್ತದೆ, ಸೆಖೆಗೆ ಸಸಿ ಇನ್ನೂ ಚಾಚುತ್ತದೆ, ಜೊತೆಗೆ ಬುಡ ಕೊಳೆಯುವ ರೋಗ ಬರುತ್ತದೆ.

ಗಾಳಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅಲುಗಾಡಿದ ಸಸಿ ಗಿಡ್ಡವಾಗಿ ದಪ್ಪವಾಗುತ್ತದೆ. ಮುಟ್ಟುವುದರಿಂದ, ಅಲುಗಾಡಿಸುವುದರಿಂದ ಗಿಡದ ಬೆಳವಣಿಗೆ ಹೇಗೆ ಬದಲಾಗುತ್ತದೆ ಅನ್ನೋದರ ಮೇಲೆ ಅಮೆರಿಕದ ಮೊರ್ಡೆಕೈ ಜಾಫೆ ಎಂಬ ಸಸ್ಯವಿಜ್ಞಾನಿ 1973ರಲ್ಲೇ ಪ್ರಬಂಧ ಬರೆದಿದ್ದರು. ಗಾಳಿ ಆಡದ ಜಾಗದಲ್ಲಿ ಟ್ರೇ ಇದ್ದರೆ ದಿನಾ ಒಂದೆರಡು ಸಲ ಅಂಗೈಯಿಂದ ಸಸಿಗಳ ತಲೆ ಮೆಲ್ಲಗೆ ಸವರಿ. ಎಲೆ ಒದ್ದೆ ಇರುವಾಗ ಮಾತ್ರ ಮುಟ್ಟಬೇಡಿ. ನೀರು ಬೆಳಗ್ಗೆ ಒಂದು ಹೊತ್ತು ಸಾಕು, ಅದೂ ಮೇಲಿನ ಮಣ್ಣು ಒಣಗಿದ್ದರೆ. ನಾಟಿಗೆ ಒಂದು ವಾರ ಇರುವಾಗ ಇನ್ನೂ ಕಡಿಮೆ ಮಾಡಿ.

ಬಿಸಿಲೇ ಬಾರದ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಬಿಳಿ ಎಲ್‌ಇಡಿ ಟ್ಯೂಬ್ ಒಂದೇ ದಾರಿ. ಅದನ್ನು ಚಾವಣಿಯಲ್ಲಿ ಹಾಕಿದರೆ ಪ್ರಯೋಜನ ಇಲ್ಲ, ಸಸಿಯ ತಲೆಯಿಂದ ನಾಲ್ಕೈದು ಇಂಚು ಮೇಲೆ ತೂಗುಹಾಕಿ, ದಿನಕ್ಕೆ 14ರಿಂದ 16 ಗಂಟೆ ಉರಿಸಬೇಕು. ಸಸಿ ಬೆಳೆದ ಹಾಗೆ ಟ್ಯೂಬ್ ಮೇಲೆತ್ತಬೇಕು.

ಈಗಾಗಲೇ ಉದ್ದ ಆಗಿದ್ದರೆ? ಟೊಮೆಟೊ ಆದರೆ ಉಳಿಸಬಹುದು. ಅದರ ಕಾಂಡ ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ, ಬೀಜದೆಲೆಯವರೆಗೆ ಹೂತು ಬೇರೆ ಡಬ್ಬಿಗೆ ಹಾಕಿ ಬೆಳಕಿಗಿಡಿ. ಬದನೆ, ಮೆಣಸಿಗೆ ಅಷ್ಟು ಸುಲಭವಾಗಿ ಕಾಂಡದಲ್ಲಿ ಬೇರು ಬರುವುದಿಲ್ಲ. ಒಂಚೂರು ಆಳಕ್ಕೆ ಇಡಬಹುದು, ಪೂರ್ತಿ ಹೂಳಬೇಡಿ. ಇನ್ನೂ ಮೇ 20 ದಾಟಿಲ್ಲ ಅಂತಾದರೆ ಬದನೆಯನ್ನು ಹೊಸದಾಗಿ ಬಿತ್ತುವುದೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಬಿಸಿಲಲ್ಲಿ ಎದ್ದ ಹೊಸ ಸಸಿ ಸಣ್ಣದಿದ್ದರೂ ಗಟ್ಟಿ ಇರುತ್ತದೆ, ನೆಟ್ಟ ಮೇಲೆ ಆ ಸಣಕಲು ಸಸಿಯನ್ನು ಹಿಂದೆ ಹಾಕುತ್ತದೆ.

ಮುಳ್ಳುಸೌತೆ, ಹೀರೆ, ಪಡವಲ, ಹಾಗಲಕ್ಕೆ ಟ್ರೇಯ ಗೊಡವೆಯೇ ಬೇಡ. ದೊಡ್ಡ ಬೀಜ, ಹುಟ್ಟಿದ ಎರಡು ದಿನಕ್ಕೇ ಚಾಚಿಬಿಡುತ್ತದೆ, ಬೇರು ಅಲುಗಾಡಿದರೆ ಮುನಿಸಿಕೊಳ್ಳುತ್ತದೆ, ಕಾಂಡ ಹೂತರೆ ಕೊಳೆಯುತ್ತದೆ. ರೋಹಿಣಿ ಮಳೆಯ ಹದ ನೋಡಿಕೊಂಡು ಏರು ಮಾಡಿದ ಪಾತಿಗೇ ನೇರ ಹಾಕಿ. ಹಂದಿ, ನವಿಲಿನ ಕಾಟಕ್ಕೆ ಹಾಗೆ ಹಾಕಲು ಆಗುವುದಿಲ್ಲ ಅನ್ನುವವರು ಬಾಳೆಪಟ್ಟೆಯ ಕೊಟ್ಟೆಯಲ್ಲಿ ಒಂದೊಂದೇ ಬೀಜ ಹಾಕಿ ಅಂಗಳದಲ್ಲೇ ಎಬ್ಬಿಸಿ, ಬೀಜದೆಲೆಯ ನಡುವೆ ಮೊದಲ ಎಲೆ ಕಂಡ ಕೂಡಲೇ ಕೊಟ್ಟೆ ಸಮೇತ ನೆಟ್ಟುಬಿಡಿ.