ಒರಳಿನ ಮುಂದೆ ಕುಳಿತು

ಇಂದು ಬೆಳಿಗ್ಗೆ ಅಗೇಟ್ ಒರಳಿನಲ್ಲಿ ಎರಡು ಆಕ್ಸೈಡ್ ಪುಡಿಗಳನ್ನು ಅರೆಯುತ್ತ ಕುಳಿತಿದ್ದಾಗ ಇಂಥ ಘನವಸ್ತುಗಳ ರಸಾಯನವಿಜ್ಞಾನಿ ಪ್ರೊ. ಸಿ.ಎನ್.ಆರ್. ರಾವ್ ಅವರು ನೆನಪಾದರು. ಅರೆದು, ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಅರೆಯುವ ಈ ಕೆಲಸ ಹೊರಗಿನವರಿಗೆ ಘನವಾದದ್ದೆಂದು ತೋರಲಾರದು. 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ಅವರು, ನಡುವೆ ಕಾನ್ಪುರದ ಐಐಟಿಯಲ್ಲಿ ದುಡಿದು, 1976ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಘನಸ್ಥಿತಿ ಮತ್ತು ರಚನಾ ರಸಾಯನವಿಜ್ಞಾನ ಘಟಕವನ್ನು ಕಟ್ಟಿದರು.

ನನ್ನನ್ನು ಹೆಚ್ಚು ಕಾಡುವುದು ಲ್ಯಾಂಥನಮ್ ಮತ್ತು ತಾಮ್ರ ಕೂಡಿದ ಆಕ್ಸೈಡಿನ ಕಥೆ. ಒಳಗೆ ಪದರ ಪದರವಾಗಿ ಜೋಡಣೆಗೊಂಡಿರುವ ಈ ಕಪ್ಪು ಪುಡಿಯನ್ನು ರಾವ್ ಅವರ ತಂಡ ತಯಾರಿಸಿ, ಅದರ ಗುಣಗಳನ್ನು ತಾಳ್ಮೆಯಿಂದ ಅಳೆಯುತ್ತಿದ್ದ ಕಾಲದಲ್ಲಿ ಅದು ಯಾರ ಬಾಯಲ್ಲೂ ಇರಲಿಲ್ಲವೆಂದೇ ಹೇಳಬೇಕು. 1986ರಲ್ಲಿ ಭೌತವಿಜ್ಞಾನಿಗಳಾದ ಬೆಡ್‌ನಾರ್ಜ್ ಮತ್ತು ಮುಲ್ಲರ್ ಅವರು ಬೇರಿಯಂ ಬೆರೆತ ಅದೇ ಕುಟುಂಬದ ಆಕ್ಸೈಡಿನಲ್ಲಿ, ಸುಮಾರು 30 ಕೆಲ್ವಿನ್‌ನಷ್ಟು (ಸುಮಾರು ಮೈನಸ್ 243 ಡಿಗ್ರಿ ಸೆಲ್ಸಿಯಸ್) ಉಷ್ಣತೆಯಲ್ಲೇ ಅತಿವಾಹಕತೆಯ, ಅಂದರೆ ಯಾವ ಪ್ರತಿರೋಧವೂ ಇಲ್ಲದೆ ವಿದ್ಯುತ್ ಹರಿಯುವ ಗುಣದ, ಸುಳಿವು ಕಂಡ ಮೇಲೆ ಆ ಹಳೆಯ ಅಳತೆಗಳಿಗೆ ಬೇರೆಯೇ ತೂಕ ಬಂತು.

ಅವರ ಹೆಸರಿನಲ್ಲಿ 1,500ಕ್ಕೂ ಹೆಚ್ಚು ಪ್ರಬಂಧಗಳಿವೆ, 2014ರಲ್ಲಿ ಸ್ವೀಕರಿಸಿದ ಭಾರತರತ್ನವೂ ಇದೆ. ಆದರೂ ಬೇರೆ ಸಂಶೋಧಕರು ಮಾಡುವ ಉಲ್ಲೇಖಗಳ ಎಣಿಕೆಯು ಒಂದು ಪ್ರಬಂಧ ಎಷ್ಟು ಕಾಲ ಸುಮ್ಮನೆ ಕಾದಿತ್ತೆಂಬುದನ್ನು ಹೇಳುವುದಿಲ್ಲ. (ಆ ಉಲ್ಲೇಖಗಳಿಂದಲೇ ಲೆಕ್ಕ ಹಾಕುವ ನನ್ನ ಎಚ್-ಸೂಚ್ಯಂಕವನ್ನು ವಾರಕ್ಕೊಮ್ಮೆ ನೋಡುವ ಚಟ ನನಗೂ ಇದೆ, ಒಪ್ಪಿಕೊಳ್ಳುತ್ತೇನೆ.)

ಪುಡಿ ಈಗ ಕುಲುಮೆಯಲ್ಲಿದೆ. ನಾಳೆ ಪುಡಿಯ ಒಳರಚನೆಯನ್ನು ತೋರುವ ಎಕ್ಸ್-ಕಿರಣ ವಿವರ್ತನೆಯ ನಕ್ಷೆಯಲ್ಲಿ, ಬೇರೆ ವಸ್ತು ಉಳಿದಿದೆಯೆಂದು ಹೇಳುವ ಬೇಡದ ಶಿಖರವೊಂದು ತಲೆಯೆತ್ತಿದರೆ ಮತ್ತೆ ಅರೆಯಲು ಕೂರಬೇಕು.